ಅಣ್ಣಯ್ಯಪ್ಪನಿಗೆ ತೋಡಿದ ಗುಂಡಿ

ಬೈರಪ್ಪನಿಗೆ ಹುಟ್ಟಿನಿಂದಲೂ ಅವಸರ. ಹಿಟ್ಟು ಬೇಯುವ ಮೊದಲೇ ತಟ್ಟೆ ಮುಂದಿಟ್ಟುಕೊಂಡು ಕೂರುವ ಆಸಾಮಿ, ಬಸ್ಸು ನಿಲ್ಲುವ ಮೊದಲೇ ಹಾರಿಕೊಳ್ಳುವ ಆಸಾಮಿ. ೧೯೭೮ರ ಆ ಮಾರ್ಗಳಿಯ ಚಳಿ ತಿಂಗಳಲ್ಲೂ ಅವನು ಹಾಗೆಯೇ ಸೇಲಂ ಬಸ್ಸಿನಿಂದ ಧರ್ಮಪುರಿ ಹತ್ತಿರದ ಅದಿಯಮಾನ್‌ಕೋಟೆಯಲ್ಲಿ ಹಾರಿ ಇಳಿದು, ಹೊಲದ ಬದುವಿನ ಮೇಲೆ ಓಡುತ್ತಾ ಬಂದು ಮನೆಯ ಹೊಸ್ತಿಲ ಮೇಲೆ ಕುಸಿದ.

"ಅವ್ವಾ, ಅಣ್ಣ ಓಗ್ಬುಟ್ಟ."

ಅವನ ತಾಯಿ ಗುಂಡಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು. ಎದೆ ನೋವು ಎಂದು ಕುರಿಮಂದೆಯ ನಡುವೆ ಬಿದ್ದ ದೊಡ್ಡ ಮಗ ಅಣ್ಣಯ್ಯಪ್ಪನನ್ನು ಲಾರಿಯಲ್ಲಿ ಮಲಗಿಸಿ ಸೇಲಂಗೆ ಕೊಂಡೊಯ್ದದ್ದು ಆ ವಾರವೇ. ಗುಣವಾಗುತ್ತಿದೆ ಎಂದು ನಿನ್ನೆ ತಾನೆ ಹೇಳಿ ಕಳಿಸಿದ್ದರು.

"ಏನ್ಲಾ ಬೊಗಳ್ತೀಯ?"

"ನನ್ ಕಣ್ಣಾರೆ ಕಂಡೆ ಕಣವ್ವ. ಮಿಷಿನ್ ವಾರ್ಡ್‌ನಾಗೆ ಡಬ್ಬಾದ ಮೇಲೆ ಹಸುರು ಗೆರೆ ಕುಣೀತಾ ಇತ್ತು. ಅದು ಸೀದಾ ಆಗೋಯ್ತು. ಒಬ್ಬ ಡಾಕ್ಟ್ರು ಮಂಚ ಹತ್ತಿ ಅಣ್ಣನ ಎದೇನ ಕುಟ್ಟಿದ. ಆಮೇಲೆ ಎರಡು ತಟ್ಟೆ ಇಟ್ಟು ಕರೆಂಟು ಕೊಟ್ರು. ಅಣ್ಣ ಎಗರಿ ಬಿದ್ದ. ವಾರ್ಡ್ ಆಳು ನನ್ನ ಈಚೆಗೆ ತಳ್ಳಿ, 'ಹಾರ್ಟು ನಿನ್ನು ಪೋಚ್ಚು, ವೆಳಿಯೇ ಪೋಯಾ' ಅಂತ ಬಾಗ್ಲು ಮುಚ್ಚಿದ."

ಹೃದಯ ನಿಂತುಹೋಯಿತು ಎಂದರೆ ಇನ್ನೇನು ಉಳಿಯಿತು? ಬೈರಪ್ಪ ಬಾಗಿಲು ಮತ್ತೆ ತೆರೆಯುವವರೆಗೆ ನಿಲ್ಲಲಿಲ್ಲ. ಅತ್ತಿಗೆಯ ತಮ್ಮ ಲಕ್ಷ್ಮಣನ್ ಸೇಲಂ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ಬಂದ ಮೇಲೆ ಹೆಣ ತರಲಿ ಎಂದು ಆಸ್ಪತ್ರೆ ಎದುರಿನ ಟೀ ಅಂಗಡಿಯವನ ಬಳಿ ಅವನಿಗೆ ಸುದ್ದಿ ಬಿಟ್ಟು ಬಸ್ಸು ಹತ್ತಿಬಿಟ್ಟಿದ್ದ. ಗುಂಡಿ ತೋಡಬೇಕಲ್ಲ, ಅದರ ಅವಸರ.

ಅಣ್ಣಯ್ಯಪ್ಪನ ಹೆಂಡತಿ ಸಪ್ಪಲಮ್ಮ ಹಿತ್ತಿಲಲ್ಲಿ ಹುರುಳಿ ಬಡಿಯುತ್ತಿದ್ದಳು. ಒಳಗೆ ಬಂದವಳು ಮೈದುನನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಯಾರೂ ಏನೂ ಹೇಳುವ ಮೊದಲೇ ಒರಳುಕಲ್ಲಿನ ಮುಂದೆ ಕೂತು ಎರಡು ಕೈಯನ್ನೂ ಅದಕ್ಕೆ ಅಪ್ಪಳಿಸಿದಳು. ಬಳೆ ಚೂರುಚೂರಾಗಿ ಮಣಿಕಟ್ಟಿನಿಂದ ರಕ್ತ ಇಳಿಯಿತು.

ಹೊರಗೆ ಸತ್ತವರನ್ನು ಹಟ್ಟಿಯೊಳಕ್ಕೆ ತರುವುದು ಈ ಊರಿನ ಕನ್ನಡದವರಲ್ಲಿ ಇಲ್ಲ. ರಸ್ತೆಯಿಂದ ನೇರ ಹೊಲದ ಗುಂಡಿಗೆ ಒಯ್ಯಬೇಕು. ಹೆಂಡತಿ ಹೆಣದ ಮುಂದೆ ಮುತ್ತೈದೆಯಾಗಿ ನಿಲ್ಲುವಂತಿಲ್ಲ. ಹಾಗಾಗಿ ಹೆಣ ಬರುವ ಮೊದಲೇ, ಗುಂಡಿ ತೋಡುವ ಹೊತ್ತಿಗೆ, ಮನೆಯಲ್ಲಿ ತಾಳಿ ತೆಗೆಯುತ್ತಾರೆ. ನೆರೆಮನೆಯ ಮುದುಕಿಯರು ನಾನು ತಾನು ಎಂದು ಹಿಂದೆ ಸರಿದರು. ಕೊನೆಗೆ ಗುಂಡಮ್ಮನೇ ಸೊಸೆಯ ಕೊರಳಿಗೆ ಕೈ ಹಾಕಿ ತಾಳಿ ಬಿಚ್ಚಿ ಹಾಲಿನ ಬಟ್ಟಲಿಗೆ ಹಾಕಿದಳು. ಎಷ್ಟೋ ವರ್ಷಗಳ ಹಿಂದೆ ಅವಳ ತಾಳಿಯನ್ನು ಅವಳ ಅತ್ತೆ ತೆಗೆದದ್ದೂ ಹೀಗೆಯೇ.

ಬೆಳಗಾದರೂ ಹೆಣ ಬರಲಿಲ್ಲ. ತಮಟೆಯವರು ಬಂದು ಬೇವಿನ ಮರದಡಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತರು. ನೆಂಟರು ಹೂವಿನ ಹಾರ ಹಿಡಿದು ರಸ್ತೆ ಕಡೆ ನೋಡುತ್ತಿದ್ದರು. ಬಿಸಿಲೇರುವ ಹೊತ್ತಿಗೆ ಬಂದವನು ಲಕ್ಷ್ಮಣನ್, ಒಬ್ಬನೇ, ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್.

ಮುಂಡೆಯಾದವಳಿಗೆ ತವರಿನವರು ತರಬೇಕಾದ ಬಿಳಿ ಸೀರೆ ಅದರೊಳಗಿದೆ ಎಂದುಕೊಂಡು ಒಬ್ಬಾಕೆ ಕ್ಯಾರಿಯರಿಗೆ ಕೈ ಹಾಕಿದಳು. ಲಕ್ಷ್ಮಣನ್ ಕ್ಯಾರಿಯರನ್ನು ಎದೆಗವಚಿಕೊಂಡು ಸುತ್ತ ನೋಡಿದ.

"ಏನಿದು? ಯಾರಿಗಿದು ತಮಟೆ?"

"ಎಲ್ಲೋ ನನ್ ಮಗ? ವ್ಯಾನು ಎಲ್ಲಿ?" ಎಂದಳು ಗುಂಡಮ್ಮ.

"ವ್ಯಾನಾ? ಬಾವನ ಬಾಯಿಗೆ ಕೊಳವೆ ಇಟ್ಟವ್ರೆ. ಜ್ಞಾನ ಇಲ್ಲ, ಉಸ್ರು ಐತೆ. ನಿಂತ ಹಾರ್ಟ್‌ನ ಡಾಕ್ಟ್ರು ಮತ್ತೆ ಓಡಿಸಿದ್ರು. ಬದಲಿಗೆ ಆಳಿಲ್ಲದೆ ನಾನು ಒದ್ದಾಡ್ತಾ ಇವ್ನಿ, ಒಂದು ಮಾತೂ ಯೋಳ್ದೆ ಈ ಬೈರಪ್ಪ ಎಲ್ಲಿ ಸತ್ತ ಅಂತ ನೋಡಾಕೆ..." ಎನ್ನುತ್ತಿದ್ದವನ ಕಣ್ಣಿಗೆ ಗೋಡೆಗೊರಗಿ ಕೂತ ಅಕ್ಕ ಬಿದ್ದಳು. ಬರಿಗೈ, ಬರಿಗೊರಳು, ಬರಿ ಹಣೆ. ಕ್ಯಾರಿಯರ್ ಕೆಳಗೆ ಬಿದ್ದು ಮುಚ್ಚಳ ಅಂಗಳದಲ್ಲಿ ಉರುಳಿತು.

ಸಂತೋಷಪಡಬೇಕಾದ ಸುದ್ದಿ ಅದು, ಆದರೆ ಸಂತೋಷಪಡುವ ಧೈರ್ಯ ಅಲ್ಲಿ ಒಬ್ಬರಿಗೂ ಇರಲಿಲ್ಲ. ಸಪ್ಪಲಮ್ಮ ಎದ್ದು, ತಮ್ಮನ ಎರಡೂ ತೋಳು ಹಿಡಿದು, "ಇನ್ನೊಂದ್ ಸಲ ಯೋಳು" ಎಂದಳು. ಅವನು ಹೇಳಿದ. "ಇನ್ನೊಂದ್ ಸಲ" ಎಂದಳು. ಅವನು ಅಳುತ್ತಾ ಮತ್ತೆ ಹೇಳಿದ.

ಮೊದಲ ಜಗಳ ಒಲೆಯ ಬಗ್ಗೆ ಆಯಿತು. ಸಾವಿನ ಮನೆಯೆಂದು ಆರಿಸಿದ ಒಲೆಯನ್ನು ಹಚ್ಚುವುದೋ ಬೇಡವೋ? ಅಣ್ಣಯ್ಯಪ್ಪನ ಮಗಳು ಪೂಂಗೊಡಿ ಧರ್ಮಪುರಿಯಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದವಳು, ಕನ್ನಡಕ್ಕಿಂತ ತಮಿಳೇ ಬಾಯಿಗೆ ಮೊದಲು ಬರುತ್ತಿತ್ತು. "ಅಪ್ಪಾ ಉಯಿರೋಡ ಇರುಕ್ಕಾರು, ಅಜ್ಜಿ! ಬದುಕವ್ರೆ! ಹಸ್ಕೊಂಡು ಯಾಕೆ ಕೂರ್ಬೇಕು?" ಎಂದು ಕಡ್ಡಿ ಗೀರಿಬಿಟ್ಟಳು. ಅಜ್ಜಿ ಅವಳ ಕೈಗೆ ಹೊಡೆದು ಕಡ್ಡಿ ಆರಿಸಿದಳು. ಕುಲದ ಹಿರಿಯ ಚಿನ್ನಸ್ವಾಮಿ ಗೌಡ ಬಂದು ಹೇಳಿದ ಮೇಲೆಯೇ ಒಲೆ ಹತ್ತಿದ್ದು.

ಗೌಡ ಇನ್ನೂ ಎರಡು ಮಾತು ಹೇಳಿದ. ಹೊಲದಲ್ಲಿ ಗುಂಡಿ ಬಾಯಿ ತೆರೆದುಕೊಂಡಿದೆ, ಅದನ್ನು ಬರಿದೇ ಮುಚ್ಚುವಂತಿಲ್ಲ, ಅಣ್ಣಯ್ಯಪ್ಪನ ಮೈಗೆ ತಾಗಿದ್ದೇನಾದರೂ ಕೊಡಬೇಕು. ಅವನ ಕರಿ ಕಂಬಳಿಯಲ್ಲಿ ಬಾಳೆದಿಂಡು ಸುತ್ತಿ ಬೈರಪ್ಪನೇ ಇಳಿಸಿ ಮಣ್ಣು ಮುಚ್ಚಿದ. ಇನ್ನೊಂದು ಮಾತು ತಾಳಿಯದು.

"ಕಟ್ಟಿದೋನೇ ಮತ್ತೆ ಕಟ್ಟಬೇಕು. ಇವ್ಳು ನನ್ನ ಎಂಡ್ತಿ ಅಂತ ಗೊತ್ತಿದ್ದು ಕಟ್ಟಬೇಕು. ಬುದ್ಧಿ ಇಲ್ಲದೋನ ಕೈಲಿ ಕಟ್ಸಿದ್ರೆ ಅದು ತಾಳಿ ಅಲ್ಲ, ಬರೀ ದಾರ. ಅಲ್ಲೀಗಂಟ ಸಪ್ಪಲಮ್ಮ ಅವನ ಕಣ್ಣಿಗೆ ಬೀಳಬಾರದು. ತನ್ನ ಎಂಡ್ತಿ ಮುಂಡೆ ಆಗಿರೋದ್ನ ಬದುಕಿರೋನು ನೋಡಿದ್ರೆ ಉಳೀತಾನಾ?"

"ನೋಡ್ದೇ ನಾನು ಅವ್ರ ಎಂಡ್ತಿ ಅಂತ ಎಂಗೆ ಗೊತ್ತಾಯ್ತದೆ ಗೌಡ್ರೇ?" ಎಂದಳು ಸಪ್ಪಲಮ್ಮ.

ಗೌಡ ಟವೆಲು ಕೊಡವಿಕೊಂಡು ಎದ್ದುಹೋದ. ಗುಂಡಮ್ಮ ಹಾಲಿನ ಬಟ್ಟಲಿನಿಂದ ತಾಳಿ ತೆಗೆದು, ತೊಳೆದು, ತನ್ನ ಎಲೆಅಡಿಕೆ ಚೀಲದೊಳಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೈರಪ್ಪ ಆ ದಿನವೇ ಸೇಲಂಗೆ ಹೋದ. ವಾರ್ಡಿನಲ್ಲಿ ಉಸಿರಾಟದ ಯಂತ್ರ ಒಂದೇ ಇತ್ತು, ಅದು ಬೇರೊಬ್ಬರಿಗೆ ಹೋಗಿತ್ತು. ಅಣ್ಣನ ಬಾಯಿಯ ಕೊಳವೆಗೆ ಒಂದು ರಬ್ಬರ್ ಚೀಲ ಸಿಕ್ಕಿಸಿದ್ದರು. ಅದನ್ನು ಯಾರಾದರೂ ಹಿಸುಕುತ್ತಲೇ ಇರಬೇಕು. ಲಕ್ಷ್ಮಣನ್ ಮತ್ತು ಅವನ ಮಿಲ್ಲಿನ ಗೆಳೆಯರು ಸರದಿಯಲ್ಲಿ ಹಿಸುಕಿದ್ದರು. ಈಗ ಬೈರಪ್ಪನ ಸರದಿ. ಅಷ್ಟಿಷ್ಟು ಕನ್ನಡ ಬಲ್ಲ ನರ್ಸ್ ಚೆಲ್ಲಮ್ಮ ಅವನ ಕೈ ಹಿಡಿದು ಕಲಿಸಿದಳು. ಕಮ್ಮಾರನ ತಿದಿಯ ಹಾಗೆ ಒತ್ತು, ಬಿಡು, ಒತ್ತು, ಬಿಡು. ಅವಸರ ಮಾಡಿದರೆ ಅಣ್ಣನಿಗೇ ಕೇಡು.

ಅವನ ಅಂಗೈಯಲ್ಲಿ ಬೊಬ್ಬೆಗಳಿದ್ದವು. "ಇದೇನು?" ಎಂದು ಚೆಲ್ಲಮ್ಮ ತಮಿಳಿನಲ್ಲಿ ಕೇಳಿದಳು. ಅಣ್ಣನಿಗೆ ಗುಂಡಿ ತೋಡಿದ ಬೊಬ್ಬೆ ಎಂದು ಯಾವ ಬಾಯಲ್ಲಿ ಹೇಳಿಯಾನು? ಒತ್ತಿದಂತೆಲ್ಲ ಬೊಬ್ಬೆ ಒಡೆದು ರಬ್ಬರು ಅಂಟಂಟಾಯಿತು. ಬೈರಪ್ಪ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನಿಧಾನವಾಗಿ ಒಂದು ಕೆಲಸ ಮಾಡಿದ.

ಕೆಲವು ದಿನ ಕಳೆದು ಅಣ್ಣಯ್ಯಪ್ಪ ತಾನೇ ಉಸಿರೆಳೆದುಕೊಂಡ. ಕೊಳವೆ ತೆಗೆದರು. ಕುಟ್ಟಿದ ಏಟಿಗೆ ಪಕ್ಕೆಲುಬು ಮುರಿದಿದ್ದವು. ಎದೆಯ ಮೇಲೆ ಕರೆಂಟು ಕೊಟ್ಟ ಕಡೆ ದುಂಡಗೆ ಕೆಂಪು ಸುಟ್ಟ ಗಾಯಗಳಿದ್ದವು. ಗುಂಡಮ್ಮ ನೋಡಲು ಬಂದವಳು ಅದನ್ನು ಕಂಡು ವಾರ್ಡಿನಲ್ಲೇ ಕೂಗಾಡಿದಳು.

"ನನ್ ಮಗನ್ನ ಕುರಿಗೆ ಬರೆ ಆಕ್ದಂಗೆ ಆಕವ್ರಲ್ಲಪ್ಪಾ! ಪಕ್ಕೆ ಮುರಿದಾಕವ್ರೆ!"

ಡಾಕ್ಟರು ರಾಜಗೋಪಾಲ್ ಎಳೆ ವಯಸ್ಸಿನವರು. ಗದರಲಿಲ್ಲ. ಹೃದಯ ನಿಂತಿದ್ದಷ್ಟು ಹೊತ್ತು ಮೆದುಳಿಗೆ ರಕ್ತ ಹೋಗಿಲ್ಲ, ಎಲುಬು ಕೂಡುತ್ತದೆ, ಗಾಯ ಮಾಯುತ್ತದೆ, ಆದರೆ ನೆನಪು ಎಷ್ಟು ಬರುತ್ತದೋ ತನಗೂ ಗೊತ್ತಿಲ್ಲ ಎಂದರು. ಬೈರಪ್ಪ ಅದನ್ನು ಕನ್ನಡದಲ್ಲಿ ತಾಯಿಗೆ ಹೇಳಿದ. ಗುಂಡಮ್ಮ ಮಗನ ಮುಖದ ಹತ್ತಿರ ಬಾಗಿ, "ನಾನ್ಯಾರಪ್ಪ?" ಎಂದಳು. ಅಣ್ಣಯ್ಯಪ್ಪ ಅವಳನ್ನು ದಾಟಿ ಕಿಟಕಿ ನೋಡಿದ.

ಮನೆಗೆ ಬಂದ ಗುಂಡಮ್ಮ ಅಡಿಗೆಮನೆಯಲ್ಲಿ ಕಾಲಿಟ್ಟದ್ದೇ ಸೊಸೆಯ ಮೇಲೆ ಹರಿಹಾಯ್ದಳು.

"ನಿನ್ಯಾರೇ ಬಳೆ ಒಡ್ಕೊ ಅಂದೋರು? ಒಂದು ಗಳಿಗೆ ತಡೀಬಾರ್ದಾಗಿತ್ತಾ? ನಿನ್ನಿಂದ್ಲೇ ನನ್ ಮಗ ಅರೆಜೀವ ಆಗವ್ನೆ!"

ಸಪ್ಪಲಮ್ಮ ಹಿಟ್ಟಿನ ಕೋಲು ಕೆಳಗಿಡಲಿಲ್ಲ. ಮಡಕೆಯಲ್ಲಿ ತಿರುವುತ್ತಲೇ ಹೇಳಿದಳು: "ಬಳೆ ನಾನು ಒಡ್ದೆ. ತಾಳಿ ಯಾರ್ ತೆಗದ್ರು ಅತ್ತೆ?"

ಗುಂಡಮ್ಮ ಆ ಸಂಜೆ ಉಣ್ಣಲಿಲ್ಲ. ಅವಳ ಪಾಲಿನ ಹಿಟ್ಟನ್ನು ಸಪ್ಪಲಮ್ಮ ತಟ್ಟೆ ಮುಚ್ಚಿ ಎತ್ತಿಟ್ಟಳು, ಬೆಳಿಗ್ಗೆ ಮಜ್ಜಿಗೆಗೆ ಕಲಸಿ ಮುಂದಿಟ್ಟಳು. ಅತ್ತೆ ಕುಡಿದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತು, ಕೆಲಸ ಮಾತ್ರ ನಡೆಯಿತು. ಸಪ್ಪಲಮ್ಮ ಗಂಜಿ ಕಾಯಿಸಿ ಕ್ಯಾರಿಯರಿಗೆ ತುಂಬುವುದು, ಬೇರೆಯವರು ಅದನ್ನು ಸೇಲಂಗೆ ಒಯ್ಯುವುದು. ಖಾಲಿ ಕ್ಯಾರಿಯರ್ ಬಂದಾಗ ಅವಳು ಮುಚ್ಚಳ ತೆಗೆದು ಎಷ್ಟು ಮಿಕ್ಕಿದೆ ಎಂದು ನೋಡುತ್ತಿದ್ದಳು. ಗಂಡನ ಸುದ್ದಿ ಅವಳಿಗೆ ತಿಳಿಯುತ್ತಿದ್ದುದು ಅಷ್ಟರಿಂದಲೇ. ಬೀದಿಯಲ್ಲಿ ನಡೆದರೆ ಮುತ್ತೈದೆಯರು ಪಕ್ಕಕ್ಕೆ ಸರಿಯುತ್ತಿದ್ದರು, ಮುಂಡೆಯರು ಜೊತೆಗೆ ಕರೆಯುತ್ತಿರಲಿಲ್ಲ. ಗಂಡ ಬದುಕಿರುವಾಗ ಹೀಗೆ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಬಾಳುವುದು ಅವಳಿಗೆ ಸಾಕು ಸಾಕಾಯಿತು.

ಒಂದು ಭಾನುವಾರ ಪೂಂಗೊಡಿ ಚಿಕ್ಕಪ್ಪನ ಜೊತೆ ಹೋಗಿ ಬಂದಳು. ಉಣ್ಣಲು ಕೂತವಳು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಳು.

"ಅಪ್ಪ ನನ್ನ ನೋಡಿ, 'ಯಾರ್ ಮನೆ ಮಗು ಇದು, ಎಷ್ಟು ಲಕ್ಷಣವಾಗವ್ಳೆ' ಅಂತ ನರ್ಸಮ್ಮನ ಕೇಳಿದ್ರು. ಚಿಕ್ಕಪ್ಪನ್ನ 'ಅಪ್ಪಾ' ಅಂತ ಕರೀತಾರೆ."

"ಅಪ್ಪಾ ಅಂತಾನಾ?" ಗುಂಡಮ್ಮ ಬೆಚ್ಚಿದಳು. ಅಣ್ಣಯ್ಯಪ್ಪನ ಅಪ್ಪ ಸತ್ತಾಗ ಬೈರಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಈಗ ನೋಡಿದರೆ ಅಚ್ಚು ಅಪ್ಪನದೇ ಮುಖ.

"ಇನ್ನೊಂದೂ ಕೇಳ್ತಾರೆ," ಎಂದ ಬೈರಪ್ಪ, ತಲೆಯೆತ್ತದೆ. "ಚಳಿ ಅಂತಾರೆ. ಆಸ್ಪತ್ರಿ ಕೆಂಪು ಕಂಬಳಿ ಒದ್ದು ಬಿಸಾಕ್ತಾರೆ. 'ನನ್ ಕಂಬ್ಳಿ ತಾ, ನನ್ ಕಂಬ್ಳಿ ತಾ' ಅಂತಾ ಅಳ್ತಾರೆ ಕಣವ್ವ."

ಆ ಕಂಬಳಿ ಮಣ್ಣಿನಡಿ ಇತ್ತು.

"ಅಗೆದು ತರ್ಲಾ?" ಎಂದ ಬೈರಪ್ಪ.

"ಮುಚ್ಕೊಂಡಿರು! ಗುಂಡಿಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ಆಮೇಲೆ ಅದು ಏನು ಕೇಳ್ತದೋ!" ಗುಂಡಮ್ಮ ಕಿರುಚಿದಳು.

ಸಪ್ಪಲಮ್ಮ ಕೈ ತೊಳೆದು ಎದ್ದಳು. "ನಾಳೆ ಗಂಜಿ ನಾನೇ ಒಯ್ತೀನಿ" ಎಂದಳು.

"ಏನಂದೆ?"

"ಅವ್ರು ಚಳಿ ಅಂತ ಅಳ್ತಾ ಅವ್ರೆ. ನಾನಿಲ್ಲಿ ಬರೀ ಕೊರಳು ಮುಚ್ಕೊಂಡು ಮೂಲೇಲಿ ಕೂತಿರ್ಬೇಕಾ? ನನ್ನ ನೋಡಿ ಸಾಯ್ತಾರೆ ಅಂತೀರಿ. ನೋಡ್ದೇ ಇದ್ರೆ ಬದುಕಿದಂಗಾಯ್ತಾ? ಮಗಳನ್ನೇ ಯಾರ್ ಮನೆ ಮಗು ಅಂತಾರೆ! ಒಂದೇ ಸಲ ನನ್ನ ನೋಡ್ಲಿ. ಗೊತ್ತಾಗ್ಲಿಲ್ವಾ, ನಾನು ಮುಂಡೇನೇ ಅಂತ ಒಪ್ಕೊಂಡು ಬತ್ತೀನಿ. ನಿಮ್ ಪಕ್ಕದಾಗೇ ಕೂತು ರಾಗಿ ಬೀಸ್ತೀನಿ."

ಬೆಳಿಗ್ಗೆ ಸಪ್ಪಲಮ್ಮ ಹೊರಡುವ ಹೊತ್ತಿಗೆ ಗುಂಡಮ್ಮ ಗೂಟದ ಮೇಲಿನಿಂದ ಒಂದು ಹಳೆಯ ಕಂಬಳಿ ಇಳಿಸಿ ಧೂಳು ಕೊಡವುತ್ತಿದ್ದಳು. ಗಂಡ ಸತ್ತಂದಿನಿಂದ ಅದನ್ನು ಯಾರಿಗೂ ಮುಟ್ಟಲು ಬಿಟ್ಟವಳಲ್ಲ. ಅಂಚಿನಲ್ಲಿ ಬಿಳಿ ಉಣ್ಣೆಯ ಎರಡು ಗೆರೆ, ಮೂಲೆಯಲ್ಲಿ ಇಲಿ ಕಡಿದ ತೂತು.

"ನಾನೂ ಬತ್ತೀನಿ ನಡಿ," ಎಂದಳು. ಬೈರಪ್ಪ ಕ್ಯಾರಿಯರ್ ಎತ್ತಿಕೊಂಡು ಮುಂದೆ ನಡೆದ.

ಬಸ್ಸು ತೊಪ್ಪೂರು ಘಾಟಿ ಇಳಿಯುವಾಗ ಹಿಂದಿನ ಸೀಟಿನ ಹೆಂಗಸು ಸಪ್ಪಲಮ್ಮನ ಕೊರಳನ್ನೇ ನೋಡುತ್ತಿದ್ದಳು. ಗುಂಡಮ್ಮ ಸೊಸೆಯ ಸೆರಗೆಳೆದು ಕೊರಳು ಮುಚ್ಚಿದಳು. ಓಮಲೂರು ದಾಟುವವರೆಗೂ ಆ ಸೆರಗಿನ ತುದಿ ಅವಳ ಮುಷ್ಟಿಯಲ್ಲೇ ಇತ್ತು.

ವಾರ್ಡಿನ ಬಾಗಿಲಲ್ಲಿ ಚೆಲ್ಲಮ್ಮ ಚಪ್ಪಲಿ ಬಿಡಿಸಿ ಒಳಗೆ ಬಿಟ್ಟಳು. ಅಣ್ಣಯ್ಯಪ್ಪ ದಿಂಬಿಗೊರಗಿ ಕೂತಿದ್ದ. ಅರ್ಧ ಇಳಿದುಹೋಗಿದ್ದ. ಒಂದು ಕೈಗೆ ಗ್ಲೂಕೋಸ್ ಸೂಜಿ, ಎದೆಯಿಂದ ಡಬ್ಬದವರೆಗೆ ತಂತಿ. ಹಸಿರು ಗೆರೆ ಕುಣಿಯುತ್ತಿತ್ತು. ಸಪ್ಪಲಮ್ಮ ಮಾವನ ಕಂಬಳಿಯನ್ನು ಅವನ ಕಾಲ ಮೇಲೆ ಹೊದಿಸಿ, ಹಿಂದೆ ಸರಿಯದೆ ಎದುರಿಗೇ ನಿಂತಳು.

ಡಾಕ್ಟರು ರಾಜಗೋಪಾಲ್ ದಿನವೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇದು ಯಾರುಂಗ ಅಯ್ಯಾ?"

ಅಣ್ಣಯ್ಯಪ್ಪ ಅವಳ ಮುಖ ನೋಡಿದ. ಹಣೆ ನೋಡಿದ. ಸೆರಗು ಜಾರಿದ ಕೊರಳು ನೋಡಿದ. ಅಲ್ಲಿಂದ ಕೈಗಳಿಗೆ ಇಳಿದು, ಮಣಿಕಟ್ಟಿನ ಗಾಯದ ಕಲೆ ನೋಡಿ, ಮತ್ತೆ ಕೊರಳಿಗೇ ಬಂದ.

"ಏನೇ ಇದು? ಯಾರ್ ಸತ್ತೋದ್ರು ಅಂತ ಇಂಗೆ ಬಂದಿದ್ದೀಯ?" ಎಂದ. "ನಾನು ಇಲ್ಲೇ ಇವ್ನಲ್ಲೇ, ಸಪ್ಪಲೀ!"

ಸಪ್ಪಲಮ್ಮನ ಗಂಟಲಿನಿಂದ ಬಂದದ್ದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ. ಮಂಚದ ಕಂಬಿ ಹಿಡಿದು ನೆಲಕ್ಕೆ ಕುಸಿದಳು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಏನು ಹೇಳಿದ, ಏನು ಹೇಳಿದ ಎಂದು ಬೈರಪ್ಪನನ್ನು ಕೇಳಿದರು. ಬೈರಪ್ಪ ಹೊರಗೋಡಿ ಗೋಡೆಗೆ ಮುಖ ಮಾಡಿ ಬಿಕ್ಕಿದ.

"ನಾನೇ ಕಣಪ್ಪಾ ತೆಗದೋಳು, ಈ ಪಾಪಿ ಕೈ," ಎನ್ನುತ್ತಾ ಗುಂಡಮ್ಮ ಸೊಂಟದ ಚೀಲ ಬಿಚ್ಚಿ, ಎಲೆ ಅಡಿಕೆ ಸುಣ್ಣದ ನಡುವಿನಿಂದ ತಾಳಿ ಹೆಕ್ಕಿ ಮಗನ ಅಂಗೈಗೆ ಹಾಕಿದಳು. ದೇವಸ್ಥಾನ ಬೇಕು, ಗೌಡ ಬೇಕು, ಮುಹೂರ್ತ ಬೇಕು ಎಂದು ಮೂರು ವಾರ ಬಡಿದಾಡಿದವಳಿಗೆ ಈಗ ಒಂದೂ ನೆನಪಾಗಲಿಲ್ಲ. "ಕಟ್ಟಪ್ಪ. ನೀನೇ ಕಟ್ಟು."

"ಕೈ ಅಸೈಕ್ಕಾದೀಂಗ! ಸೂಜಿ ಇದೆ, ಕೈ ಅಲ್ಲಾಡಿಸಬೇಡಿ!" ಎಂದು ಚೆಲ್ಲಮ್ಮ ಓಡಿಬಂದಳು. ವಿಷಯ ತಿಳಿದು ತಾನೇ ಸೂಜಿಯ ಕೈಯನ್ನು ಅಡಿಯಿಂದ ಆನಿಸಿ ಹಿಡಿದಳು. ಅಣ್ಣಯ್ಯಪ್ಪ ಒಂದು ಗಂಟು ಹಾಕುವಷ್ಟರಲ್ಲಿ ಬೆವೆತುಹೋದ. ಮಿಕ್ಕ ಗಂಟನ್ನು ಚೆಲ್ಲಮ್ಮ ಹಾಕಿದಳು. ಡಬ್ಬದಲ್ಲಿ ಗೆರೆ ದಡದಡ ಓಡಿತು. ಡಾಕ್ಟರು ಅದನ್ನೇ ನೋಡುತ್ತಾ, ಸಾಕು, ಇನ್ನು ಮಲಗಲಿ ಎಂದರು.

ಅವನನ್ನು ಮಲಗಿಸಿ ಸಪ್ಪಲಮ್ಮ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದಳು. ಅವನು ಅಂಚು ಹಿಡಿದು ಮೂಸಿದ. ಬಿಳಿ ಗೆರೆಯ ಮೇಲೆ ಬೆರಳಾಡಿಸಿದ. ಇಲಿ ಕಡಿದ ತೂತಿನೊಳಗೆ ಬೆರಳು ತೂರಿಸಿ ನಕ್ಕ.

"ಇದು ಅಪ್ಪಂದಲ್ವಾ?"

"ಊಂ ಕಣಪ್ಪ, ನಿಮ್ಮಪ್ಪಂದೇ," ಎಂದಳು ಗುಂಡಮ್ಮ. ಮಗನಿಗೆ ಕಂಬಳಿಯ ಗುರುತೂ ಸಿಕ್ಕಿತೆಂದು ಅವಳ ಮುಖ ಅರಳಿತ್ತು. "ನಾನ್ಯಾರು ಯೋಳು?"

"ನೀನು ಅವ್ವ," ಎಂದ ಅಣ್ಣಯ್ಯಪ್ಪ.

ಅವ್ವ ಎಂದವನ ಕಣ್ಣು ಅವಳ ಮುಖದಿಂದ ಕೆಳಗಿಳಿಯಿತು. ಅವಳ ಬೋಳು ಕೊರಳಲ್ಲಿ ನಿಂತಿತು. ನಗು ಆರಿತು. ಕಂಬಳಿ ನೋಡಿದ, ಅವಳ ಕೊರಳು ನೋಡಿದ, ಬೋಳು ಕೈ ನೋಡಿದ. ಈಗ ತಾನೇ ಹೆಂಡತಿಯನ್ನು ನೋಡಿದ ಹಾಗೆಯೇ ನೋಡಿದ.

"ಅವ್ವಾ," ಎಂದ. ಅವನ ದನಿ ಚಿಕ್ಕ ಹುಡುಗನದಾಗಿತ್ತು. "ನಿನ್ ತಾಳಿ ಎಲ್ಲಿ? ಅಪ್ಪ ಎಲ್ಲವ್ವಾ? ಅಪ್ಪಂಗೆ ಏನಾಯ್ತು?"

ಗುಂಡಮ್ಮನ ಕೈ ಕೊರಳಿಗೆ ಹೋಯಿತು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಡಬ್ಬದ ಗೆರೆ ಮತ್ತೆ ಎಗರಾಡತೊಡಗಿತು. ಹೇಳಬೇಡಿ ಎಂದು ಚೆಲ್ಲಮ್ಮ ಹಿಂದಿನಿಂದ ತಲೆಯಾಡಿಸಿದಳು.

"ಎಲ್ಲವ್ನೆ ಅಂದ್ರೆ?" ಎಂದಳು ಮುದುಕಿ, ಗದರುವ ದನಿಯಲ್ಲಿ. "ಕುರಿ ಅಟ್ಕೊಂಡು ತೊಪ್ಪೂರು ಕಡೆ ಓಗವ್ನೆ. ದಾರ ಹಳೇದಾಗಿತ್ತು ಅಂತ ತಾಳಿ ಬಿಚ್ಚಿಕ್ಕಿವ್ನಿ."

"ಕಂಬ್ಳಿ ಇಲ್ದೇ ಓದ್ನಾ? ಈ ಚಳೀಲಿ?"

"ನೀನು ಹೊದ್ಕೊ ಅಂತ ನಿನಗೆ ಬುಟ್ಟು ಓಗವ್ನೆ ಕಣಪ್ಪ."

ಸಪ್ಪಲಮ್ಮ ಎದ್ದು ಬಂದು ಅತ್ತೆಯ ಪಕ್ಕ ನಿಂತಳು. ಗುಂಡಮ್ಮನ ಸೆರಗನ್ನು ಮೆಲ್ಲನೆ ಎಳೆದು, ಬೋಳು ಕೊರಳು ಕಾಣದಂತೆ ಸುತ್ತಿ, ತುದಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅಪ್ಪ ಬಂದ್ಮೇಲೆ ಏಳ್ಸವ್ವ," ಎಂದ ಅಣ್ಣಯ್ಯಪ್ಪ.

"ಏಳಿಸ್ತೀನಿ, ಮಲಕ್ಕೊ," ಎಂದಳು ಗುಂಡಮ್ಮ.